ಅನಾನಸ್ ಎಲೆಯ ಅಂಗಿ

ಫಿಲಿಪೀನ್ಸ್‌ನ ಮನಿಲಾದಲ್ಲಿ ಸಹೋದ್ಯೋಗಿಯ ಮದುವೆ. ಮದುಮಗ ತೊಟ್ಟಿದ್ದ ಬಾರೋಂಗ್ ಅನ್ನೋ ಅಲ್ಲಿನ ಸಾಂಪ್ರದಾಯಿಕ ಅಂಗಿ ಎಷ್ಟು ತೆಳು ಅಂದ್ರೆ, ಒಳಗಿನ ಬನಿಯನ್ ಹೊಲಿಗೆ ಕೂಡ ಕಾಣ್ತಿತ್ತು. ಮುಟ್ಟಿ ನೋಡಿದೆ. ರೇಷ್ಮೆಯಲ್ಲ, ಸ್ವಲ್ಪ ಗರಿಗರಿ. ಅನಾನಸ್ ಎಲೆಯ ನಾರಂತೆ! ಹೌದು, ಕೈ ಗೀರೋ ಅದೇ ಮುಳ್ಳಿನ ಎಲೆ.

ಅಕ್ಲಾನ್ ಪ್ರಾಂತ್ಯದ ಕಾಲಿಬೊ ಕಡೆ, ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಎಲೆ ಹೆರೆದು ಒರಟು ನಾರು ತೆಗೀತಾರೆ. ಆಮೇಲೆ ತೆಂಗಿನ ಕರಟದಲ್ಲಿ ಹೆರೆದರೆ ಒಳಗಿನ ನಯವಾದ ನಾರು. ಕೂದಲಿನಂಥ ಆ ಎಳೆಗಳನ್ನ ಒಂದೊಂದಾಗಿ ಕೈಯಲ್ಲೇ ಗಂಟು ಹಾಕಿ ಜೋಡಿಸಿದ ಮೇಲೇ ಮಗ್ಗ. 2023ರಲ್ಲಿ ಈ ನೇಯ್ಗೆ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

ಬೆಲೆ ಕೇಳಿ ಸುಮ್ಮನಾದೆ. ಬನವಾಸಿ ಕಡೆಯ ನಮ್ಮ ತೋಟದಲ್ಲಿ ಅಪ್ಪ ಇದೇ ಎಲೆ ಕಡಿದು ಗೊಬ್ಬರದ ಗುಂಡಿಗೆ ಎಸೀತಾರೆ.