ತೆನೆಯಿಲ್ಲದ ವರ್ಷದ ತೆನೆ ಹಬ್ಬ

ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನ್ಮದಿನ. ಕರಾವಳಿ ಮೂಲದ ಕೊಂಕಣಿ ಕ್ರೈಸ್ತರಾದ ನಮಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ. ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆಯಲ್ಲಿ ಮಕ್ಕಳು ಬಾಲೆ ಮರಿಯಳಿಗೆ ಹೂವು ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚಲಾಗುತ್ತದೆ. ಘಟ್ಟದ ಕೆಳಗೆ ಆ ಹೊತ್ತಿಗೆ ಏಣೆಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೆಳೆ, ತೆನೆಗಟ್ಟಿರುತ್ತದೆ. ತೀರ್ಥಹಳ್ಳಿ ಸೀಮೆಯ ನಮ್ಮ ಗದ್ದೆಗಳಲ್ಲಾದರೋ ನಟ್ಟಿ ಮುಗಿಯುವಾಗಲೇ ಆಗಸ್ಟ್ ಬಂದಿರುತ್ತದೆ. ಆದ್ದರಿಂದ ನನ್ನ ಅಜ್ಜ, 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾಗುವುದಕ್ಕೆ ಎಷ್ಟೋ ಮೊದಲೇ ಘಟ್ಟ ಹತ್ತಿ ಬಂದವರು, ಹಳ್ಳದ ಬದಿಯ ಒಂದು ಸಣ್ಣ ಗದ್ದೆಯಲ್ಲಿ ಮಳೆಗಾಲಕ್ಕೆ ಮುಂಚೆಯೇ ಬೇಗ ಬರುವ ಭತ್ತವನ್ನು ಬಿತ್ತುವ ರೂಢಿ ಹಾಕಿದರು. ಆ ಗದ್ದೆಯ ತೆನೆ ಚರ್ಚಿಗೆ ಮೀಸಲು. ಅಜ್ಜನ ನಂತರ ಅಪ್ಪ ಅದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

2019ರ ಆಗಸ್ಟ್‌ನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದಳು. ನಮ್ಮಲ್ಲಿ ಹಳ್ಳ ದಿಕ್ಕು ಬದಲಿಸಿ, ತೆನೆಗೆಂದು ಇಟ್ಟ ಗದ್ದೆಯ ಮೇಲೆ ಮೊಣಕಾಲುದ್ದ ಮರಳು ಸುರಿದು ಹೋಯಿತು. ಅಡಿಕೆಗೆ ಮಳೆಗಾಲದ ಮೊದಲೇ ಒಮ್ಮೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆದಿದ್ದೆವು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸುವ ಆ ಕೆಲಸವನ್ನು ಅಪ್ಪ ಪ್ರಾರ್ಥನೆಯಷ್ಟೇ ಶ್ರದ್ಧೆಯಿಂದ ಮಾಡುವವರು. ಎರಡನೆಯ ಸಲ ಹೊಡೆಯಲು ಮಳೆ ಬಿಡುವು ಕೊಡಲಿಲ್ಲ, ಕೊಳೆರೋಗ ಹತ್ತಿ ಹಸಿರು ಕಾಯಿಗಳು ಉದುರತೊಡಗಿದವು. ನಮ್ಮ ಮನೆಗೆ ಏನೂ ಆಗಲಿಲ್ಲ. ಪಕ್ಕದ ಗೌಡರ ಮನೆಯ ಹಿಂಬದಿಯ ಮಣ್ಣಿನ ಗೋಡೆ ಒಂದು ರಾತ್ರಿ ಕುಸಿಯಿತು. ಅವರು ಮಕ್ಕಳೊಂದಿಗೆ ನಮ್ಮ ಮನೆಗೆ ಬಂದರು.

ಆ ದಿನಗಳ ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಎದ್ದು, ಸುತ್ತಲಿನ ಮನೆಗಳೆಲ್ಲ ಹಾಳಾದರೂ ದೇವರು ತಮ್ಮ ಮನೆಯನ್ನು ಮಾತ್ರ ಕಾಪಾಡಿದನೆಂದು ಕಣ್ಣೀರಿನೊಂದಿಗೆ ಸಾಕ್ಷಿ ಹೇಳಿದರು. ಅವರ ಕೃತಜ್ಞತೆಯಲ್ಲಿ ಸುಳ್ಳಿರಲಿಲ್ಲ. ಆದರೂ ಆ ಮಾತನ್ನು ನಾನು ಒಪ್ಪಲಾರೆ. ಬಿದ್ದ ಗೋಡೆಯ ಕೆಳಗಿಂದ ಪಾತ್ರೆಗಳನ್ನು ಹೆಕ್ಕುತ್ತಿದ್ದ ಗೌಡರ ಹೆಂಡತಿಯ ಎದುರು ನಿಂತು ಹೇಳಲಾಗದ ಸಾಕ್ಷಿಯನ್ನು ದೇವರ ಎದುರು ನಿಂತು ಹೇಳುವುದು ಹೇಗೆ? ಉಳಿದ ಗೋಡೆಯೇ ದೇವರ ರಕ್ಷಣೆಗೆ ಗುರುತಾದರೆ, ಬಿದ್ದ ಗೋಡೆ ಅವನ ಕೈಬಿಡುವಿಕೆಗೆ ಗುರುತಾಗಬೇಕಾಗುತ್ತದೆ. ಬೈಬಲಿನ ಪ್ರವಾದಿ ಹಬಕ್ಕೂಕನು ಅಂಜೂರ ಚಿಗುರದೆ, ಹೊಲ ಬೆಳೆ ಕೊಡದೆ, ಹಟ್ಟಿಯಲ್ಲಿ ದನಗಳಿಲ್ಲದೆ ಹೋದರೂ ಕರ್ತನಲ್ಲಿ ಆನಂದಿಸುವೆನೆಂದು ಹಾಡಿದ್ದು ಬೆಳೆ ಕೈಸೇರಿದ ಮೇಲೆ ಅಲ್ಲ. ನಮ್ಮ ಮನೆ ಉಳಿದದ್ದಕ್ಕೆ ನಾನು ಕಂಡುಕೊಂಡ ಅರ್ಥ ಒಂದೇ: ಆ ರಾತ್ರಿ ಗೌಡರ ಮಕ್ಕಳಿಗೆ ಮಲಗಲು ಒಣಗಿದ ಜಾಗವೊಂದು ಬೇಕಾಗಿತ್ತು.

ಹಬ್ಬ ಹತ್ತಿರವಾದಾಗ ಗೌಡರೇ, ಕೊಂಕಣಿ ಕ್ರೈಸ್ತರನ್ನು ಪೊರ್ಬುಗಳೆಂದು ಕರೆಯುವ ರೂಢಿಯಂತೆ, ಅಪ್ಪನನ್ನು ಕೇಳಿದರು: "ಪೊರ್ಬುಗಳೇ, ತೆನೆಯೇ ಇಲ್ಲವಲ್ಲ, ಈ ಸಲ ನಿಮ್ಮ ಹಬ್ಬ ಹೇಗೆ?" ಅಪ್ಪ ಅವರಿಗೆ ಇಸ್ರಾಯೇಲರ ಕಥೆ ಹೇಳಿದರು. ನಲವತ್ತು ವರ್ಷ ಅಡವಿಯಲ್ಲಿ ದೇವರು ಆಕಾಶದಿಂದ ಸುರಿಸಿದ ಮನ್ನಾ ಎಂಬ ಆಹಾರ ತಿಂದ ಜನ ಅವನು ಮಾತುಕೊಟ್ಟ ಕಾನಾನ್ ನಾಡಿಗೆ ಬಂದು ಆ ನೆಲದ ಬೆಳೆಯನ್ನು ಉಂಡ ಮರುದಿನವೇ ಮನ್ನಾ ನಿಂತುಹೋಯಿತೆಂದು ಯೆಹೋಶುವನ ಗ್ರಂಥದ 5ನೆಯ ಅಧ್ಯಾಯದಲ್ಲಿದೆ. "ಮನ್ನಾ ನಿಂತ ಮೇಲೂ ಉಣಿಸಿದವನು ಅವನೇ ಅಲ್ಲವೇ ಗೌಡರೇ? ಯಾವ ಗದ್ದೆಯಿಂದ ಕೊಡಬೇಕೆನ್ನುವುದು ಅವನಿಗೆ ಬಿಟ್ಟದ್ದು" ಎಂದರು.

ಆ ವರ್ಷ ಹಬ್ಬ ಭಾನುವಾರವೇ ಬಿದ್ದಿತ್ತು. ಘಟ್ಟದ ಕೆಳಗಿನ ಬಂಧುಗಳು ಕೆಲವರು ತಮ್ಮ ಗದ್ದೆಯ ತೆನೆಗಳನ್ನು ಕಟ್ಟುಕಟ್ಟಾಗಿ ಬಸ್ಸಿನಲ್ಲಿ ಕಳುಹಿಸಿದ್ದರು. ಪ್ರತಿವರ್ಷ ತೆನೆಯ ಹೊರೆ ಹೊತ್ತು ಮೆರವಣಿಗೆಯ ಮುಂದೆ ನಡೆಯುತ್ತಿದ್ದ ಅಪ್ಪ ಅಂದು ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಗುರುಗಳು ಕೊಟ್ಟ ತೆನೆಗಳನ್ನು ಎರಡೂ ಕೈ ಚಾಚಿ ಪಡೆದರು. ಜೀವನವಿಡೀ ಕೊಟ್ಟವರಿಗೆ ಪಡೆಯುವುದು ಸುಲಭವಲ್ಲ. ಅವರ ಮುಖದಲ್ಲಿ ನಾಚಿಕೆಯಾಗಲಿ ದೈನ್ಯವಾಗಲಿ ಇರಲಿಲ್ಲ. ದೇವರಿಗೆ ನಿಷ್ಠರಾಗಿರುವುದೆಂದರೆ ಅರ್ಪಿಸುವುದು ಎಂದೇ ತಿಳಿದಿದ್ದ ನನಗೆ, ಅವನು ಬೇರೆಯವರ ಕೈಯಿಂದ ಕೊಟ್ಟದ್ದನ್ನು ಮನಃಪೂರ್ವಕವಾಗಿ ಪಡೆಯುವುದೂ ಅದೇ ನಿಷ್ಠೆಯೆಂದು ಕಂಡದ್ದು ಅಲ್ಲಿ.

ಮನೆಯಲ್ಲಿ ಅಮ್ಮ ಆ ತೆನೆಯ ಕಾಳುಗಳನ್ನು ಸುಲಿದು ಪಾಯಸಕ್ಕೆ ಬೆರೆಸಿದರು. ಆ ದಿನ ನಮ್ಮದು ಶಾಕಾಹಾರದ ಊಟ. ಪ್ರಾರ್ಥನೆಯ ನಂತರ, ಮನೆಯವರೆಲ್ಲರಿಗೂ ಕೊಡುವ ಹೊಸ ಕಾಳಿನ ಪಾಯಸವನ್ನು ಅಪ್ಪ ಗೌಡರ ಮನೆಯವರಿಗೂ ತಾವೇ ಬಡಿಸಿದರು. ಒಂದೇ ಸೂರಿನಡಿ ಇದ್ದವರನ್ನು ಬೇರೆ ಮಾಡಿ ನೋಡುವುದು ಅವರಿಗೆ ತಿಳಿಯದು.

ಆ ಸಲ ಅಡಿಕೆಯಿಂದ ಬಂದದ್ದು ಬಹಳ ಕಡಿಮೆ. ಚರ್ಚಿಗೆ ಕೊಡುವ ಪಾಲನ್ನು ಅಪ್ಪ ಬಂದಷ್ಟರಲ್ಲೇ ತೆಗೆದಿಟ್ಟರು. ಬೇಸಿಗೆಯಲ್ಲಿ ಗದ್ದೆಯ ಮರಳನ್ನು ಎತ್ತಿ, ಜರಡಿ ಹಿಡಿದು, ಗೌಡರ ಹೊಸ ಗೋಡೆಯ ಕೆಲಸಕ್ಕೆ ಕೊಟ್ಟೆವು. ಬಿತ್ತನೆಯ ಭತ್ತವನ್ನು ಮಾತ್ರ, ಹಿಂದಿನ ವರ್ಷದ ಕಾಳು ಒಂದೂ ಉಳಿದಿರಲಿಲ್ಲವಾದ್ದರಿಂದ, ಘಟ್ಟದ ಕೆಳಗಿನ ಆ ಬಂಧುಗಳಿಂದಲೇ ಕೇಳಿ ತರಿಸಿಕೊಂಡೆವು.