ಎಣ್ಣೆ ಇದ್ದೂ ಪೆಟ್ರೋಲ್ ಇಲ್ಲ

ಗೋಕುಲ ರಸ್ತೆಯ ಬಂಕಿನಲ್ಲಿ ಸಿಎನ್‌ಜಿ ಸಾಲು ರಸ್ತೆವರೆಗೂ ಬಂದಿತ್ತು. ಆಟೋದಲ್ಲಿ ಕೂತೇ ನೈಜೀರಿಯಾ ಬಗ್ಗೆ ಓದ್ತಿದ್ದೆ. ಡ್ರೈವರ್ ಕಾಕಾ ತಿರುಗಿ ಕೇಳಿದರು, ‘ಎಣ್ಣಿ ಸಿಗೋ ದೇಶದಾಗ ಪೆಟ್ರೋಲ್ ಫುಕಟ್ ಇರಬೇಕಲ್ರೀ?’

ಫುಕಟ್ ಎಲ್ಲಿಂದ ಬಂತು! ಅಲ್ಲಿ ಎಣ್ಣೆ ಸಿಕ್ಕಿದ್ದು 1956ರಲ್ಲಿ, ಒಲೊಯಿಬಿರಿ ಅನ್ನೋ ಊರಲ್ಲಿ. ಆದರೆ ಕಚ್ಚಾ ಎಣ್ಣೆಯಿಂದ ಪೆಟ್ರೋಲ್ ಮಾಡೋ ಸರ್ಕಾರದ ರಿಫೈನರಿಗಳು ವರ್ಷಗಟ್ಟಲೆ ಕೆಟ್ಟು ನಿಂತವು. ಕಚ್ಚಾ ಎಣ್ಣೆ ಹೊರಗೆ ಮಾರೋದು, ಪೆಟ್ರೋಲ್ ಹೊರಗಿಂದ ತರೋದು.

‘ಬ್ಯಾಡಗಿ ಮೆಣಸಿನಕಾಯಿ ಬೆಳೆದು, ಖಾರಪುಡಿ ಪಾಕೀಟು ತಂದಂಗಾತು ಬಿಡ್ರಿ’ ಅಂದರು ಕಾಕಾ. ಇದಕ್ಕಿಂತ ಚೆನ್ನಾಗಿ ನಾನು ಓದ್ತಿದ್ದ ಲೇಖನವೂ ಹೇಳಿರಲಿಲ್ಲ.

2023ರ ಮೇನಲ್ಲಿ ಸಬ್ಸಿಡಿ ತೆಗೆದರು, ಪೆಟ್ರೋಲ್ ದರ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಆಮೇಲೆ ಲಾಗೋಸ್ ನಗರದ ಹತ್ತಿರ ಅಲ್ಲಿಯದೇ ಉದ್ಯಮಿ ಡಾಂಗೋಟೆಯವರ ರಿಫೈನರಿ ಶುರುವಾಯಿತು. ದಿನಕ್ಕೆ 6.5 ಲಕ್ಷ ಬ್ಯಾರಲ್ ಸಾಮರ್ಥ್ಯ. 2024ರ ಸೆಪ್ಟೆಂಬರ್‌ನಲ್ಲಿ ಪೆಟ್ರೋಲೂ ಬಂತು. ತಮಾಷೆ ಅಂದ್ರೆ, ಅದಕ್ಕೆ ಅಮೆರಿಕದಿಂದಲೂ ಕಚ್ಚಾ ಎಣ್ಣೆ ತರಿಸಿದರು!

ಮುಂದೇನು? ನನಗೆ ಕಾಣೋದು ಗ್ಯಾಸ್. ಆಫ್ರಿಕಾದಲ್ಲೇ ಅತಿ ಹೆಚ್ಚು ಗ್ಯಾಸ್ ಇರೋದು ಅವರ ಹತ್ತಿರ. ಆದರೆ ಎಣ್ಣೆ ತೆಗೆಯುವಾಗ ಜೊತೆಗೆ ಬರೋ ಗ್ಯಾಸನ್ನು ಇವತ್ತಿಗೂ ಎಷ್ಟೋ ಕಡೆ ಸುಮ್ನೆ ಸುಟ್ಟು ಬಿಡ್ತಾರೆ. ಪೈಪ್‌ಲೈನ್ ಕೊರೆದು ಎಣ್ಣೆ ಕದಿಯೋರ ಕಾಟ ಬೇರೆ. ಶೆಲ್ ಅನ್ನೋ ವಿದೇಶಿ ಎಣ್ಣೆ ಕಂಪನಿ 2025ರಲ್ಲಿ ಅಲ್ಲಿನ ನೆಲದ ಮೇಲಿನ (ಸಮುದ್ರದವಲ್ಲ) ಎಣ್ಣೆ ಬಾವಿಗಳ ವ್ಯವಹಾರವನ್ನು ಮಾರಿ ಕೈ ತೊಳೆದುಕೊಂಡಿತು. ಕೊಂಡದ್ದು ಹೆಚ್ಚಾಗಿ ಅಲ್ಲಿಯದೇ ಕಂಪನಿಗಳ ಕೂಟ. ಅವರಾದರೂ ಆ ಗ್ಯಾಸನ್ನು ಹಿಡಿದು ಮನೆಮನೆಗೆ ಕೊಟ್ಟಾರಾ? ಈಗಲೇ ಹೂಂ ಅನ್ನೋಕೆ ನನಗೆ ಧೈರ್ಯ ಇಲ್ಲ.