ಕನ್ನಡ ತರಗತಿಯಲ್ಲಿ ಬಾನ್‌ಝೋ ಡಾಗ್: ನಮ್ಮ ಮೇಷ್ಟ್ರ ನೆನಪು

ಬಾನ್‌ಝೋ ಡಾಗ್ ಡೂ-ಡಾ ಬ್ಯಾಂಡ್ ಎಂಬ ಬ್ರಿಟಿಷ್ ಹಾಸ್ಯ ಸಂಗೀತ ತಂಡದ ಹೆಸರನ್ನು ನಾನು ಮೊದಲ ಸಲ ಕೇಳಿದ್ದು ಕನ್ನಡ ತರಗತಿಯಲ್ಲಿ. ಎಂಬತ್ತರ ದಶಕದ ಕೊನೆಯಲ್ಲಿ, ಉತ್ತರ ಲಂಡನ್ನಿನ ಚರ್ಚೊಂದರ ಹಿಂಬದಿಯ ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನ ನಡೆಯುತ್ತಿದ್ದ ನಮ್ಮ ಈ ಶಾಲೆಗೆ ಆಗ ನಾಮಫಲಕವಾಗಲಿ, ಅಚ್ಚಾದ ಪಠ್ಯಪುಸ್ತಕವಾಗಲಿ, ಈಗಿನಂತೆ ವಾರ್ಷಿಕ ಸಂಚಿಕೆಯಾಗಲಿ ಇರಲಿಲ್ಲ. ಇದ್ದದ್ದು ಮಡಚುವ ಕುರ್ಚಿಗಳು, ಒಂದು ಕರಿಹಲಗೆ ಮತ್ತು ನಮ್ಮ ಮೇಷ್ಟ್ರು. ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ, ಅವರು ಮಾಡಿದ ಪಾಠಗಳಲ್ಲಿ ಯಾವುದು ನೆನಪಿದೆ ಎಂದು ಯೋಚಿಸುತ್ತಲೇ ಇದ್ದೇನೆ. ವಿಭಕ್ತಿ ಪ್ರತ್ಯಯಗಳು ಹೇಗೋ ನಾಲಗೆಗೆ ಹತ್ತಿವೆ, ಆದರೆ ಅವನ್ನು ಕಲಿತ ದಿನ ಒಂದೂ ಜ್ಞಾಪಕಕ್ಕೆ ಬರುವುದಿಲ್ಲ. ಕಣ್ಣಿಗೆ ಕಟ್ಟಿದಂತಿರುವುದು, ಅವರು ಕೊನೆಯ ಅರ್ಧ ಗಂಟೆಯಲ್ಲಿ ಕೈಚೀಲದಿಂದ ಆ ತಂಡದ 'ಗೊರಿಲ್ಲಾ' ಎಂಬ ರೆಕಾರ್ಡನ್ನು ಹೊರತೆಗೆದು, ಹಳೆಯ ಪಂಚೆಯ ಮೆತ್ತನೆಯ ತುಂಡಿನಿಂದ ಅಂಚಿನಿಂದ ಒಳಗಿನವರೆಗೆ ನಿಧಾನವಾಗಿ ಒರೆಸಿ, ಮುಳ್ಳನ್ನು ಇಳಿಸುವಾಗ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ರೀತಿ.

ಮೇಷ್ಟ್ರು ಹೆಗ್ಗಡದೇವನಕೋಟೆ ಕಡೆಯವರು. ಇಲ್ಲಿನ ಮಕ್ಕಳೆಲ್ಲ ಊರಿನ ಹಿರಿಯರನ್ನು ಅಂಕಲ್ ಎಂದು ಕರೆದರೆ, ಇವರು ಮಾತ್ರ ಮೊದಲ ದಿನವೇ 'ನಾನು ನಿಮಗೆ ಮೇಷ್ಟ್ರು ಕಣ್ರಪ್ಪ, ಅಂಕಲ್ ಅಲ್ಲ' ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಅರವತ್ತರ ದಶಕದ ಆರಂಭದಲ್ಲಿ ಲಂಡನ್ನಿಗೆ ಬಂದು, ನಕ್ಷೆ ಬರೆಯುವ ಕೆಲಸ ಹಿಡಿದು, ನಗರದ ಆಗ್ನೇಯ ಭಾಗದಲ್ಲಿ ಒಂದು ಕೋಣೆ ಬಾಡಿಗೆಗೆ ಪಡೆದಿದ್ದರು. ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದ ಚಿತ್ರಕಲಾ ವಿದ್ಯಾರ್ಥಿಗಳು ಒಂದು ಸಂಜೆ ಅವರನ್ನು ಪಬ್ಬಿಗೆ ಎಳೆದುಕೊಂಡು ಹೋದರು. ಜನ್ಮದಲ್ಲಿ ಮದ್ಯ ಮುಟ್ಟದ ನಮ್ಮ ಮೇಷ್ಟ್ರು ಒಂದು ಮೂಲೆಯಲ್ಲಿ ಲೆಮನೇಡ್ ಹಿಡಿದು ಕುಳಿತಿದ್ದಾಗ, ತಾತನ ಟ್ರಂಕು ಒಡೆದು ಕೈಗೆ ಸಿಕ್ಕಿದ್ದನ್ನು ತೊಟ್ಟು ಬಂದವರಂತಿದ್ದ ತರುಣರ ದಂಡೊಂದು ಟ್ಯೂಬಾ, ಬಾಂಜೋ, ಸ್ಯಾಕ್ಸೋಫೋನುಗಳನ್ನು ಹೊತ್ತು ಒಳಗೆ ಬಂದು, 1920ರ ದಶಕದ ನೃತ್ಯಗೀತೆಗಳನ್ನು ನುಡಿಸತೊಡಗಿತಂತೆ. ಊರು ಬಿಟ್ಟು ಬಂದ ಮೇಲೆ ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು ಎಂದು ಅವರು ಹೇಳುತ್ತಿದ್ದರು.

ಆ ದಂಡಿನ ಕಥೆಯನ್ನು ಅವರು ನಮಗೆ ರಾಜವಂಶಗಳ ಚರಿತ್ರೆ ಹೇಳುವಷ್ಟೇ ಶ್ರದ್ಧೆಯಿಂದ ಹೇಳುತ್ತಿದ್ದರು. 1962ರಲ್ಲಿ ಲಂಡನ್ನಿನ ಕಲಾ ವಿದ್ಯಾರ್ಥಿಗಳು ಕಟ್ಟಿದ ಬಾನ್‌ಝೋ ತಂಡ ಅದು. ವಿವಿಯನ್ ಸ್ಟ್ಯಾನ್‌ಶಾಲ್ ಮತ್ತು ರಾಡ್ನಿ ಸ್ಲೇಟರ್ ಅದರ ಮೊದಲ ಜೋಡಿ, ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ ಓದುತ್ತಿದ್ದ ನೀಲ್ ಇನ್ನೆಸ್ ಪಿಯಾನೋಗೆ ಬಂದದ್ದು ಆಮೇಲೆ. ಬಾನ್‌ಝೋ ಎಂಬುದು ಜಾರ್ಜ್ ಸ್ಟಡಿ ಎಂಬ ಕಲಾವಿದ 1920ರ ದಶಕದಲ್ಲಿ ಬರೆದ ಜನಪ್ರಿಯ ವ್ಯಂಗ್ಯಚಿತ್ರದ ನಾಯಿ. ಅದರ ಜೊತೆಗೆ ಮೊದಲು ದಾದಾ ಎಂಬ ಕಲಾ ಪಂಥದ ಹೆಸರು ಸೇರಿಸಿಕೊಂಡಿದ್ದರು. ದಾದಾ ಎಂದರೇನು ಎಂದು ಪಬ್ಬಿನ ಜನರಿಗೆ ವಿವರಿಸಿ ವಿವರಿಸಿ ಸಾಕಾಗಿ ಅದನ್ನು ಡೂ-ಡಾ ಎಂದು ಬದಲಿಸಿದರು. ಸಂತೆಗಳಲ್ಲಿ ರಾಶಿ ಹಾಕಿ ಮಾರುತ್ತಿದ್ದ, ಯಾರಿಗೂ ಬೇಡವಾಗಿದ್ದ 78 ಸುತ್ತಿನ ಹಳೆಯ ರೆಕಾರ್ಡುಗಳನ್ನು ಅವರು ಚಿಲ್ಲರೆ ಕಾಸಿಗೆ ಕೊಂಡು ತರುತ್ತಿದ್ದರು. ಅವುಗಳಲ್ಲಿದ್ದ ಮರೆತುಹೋದ ತಮಾಷೆಯ ಹಾಡುಗಳೇ ಅವರ ಪಠ್ಯ. ಮೂಕಿ ಚಿತ್ರಗಳು ಹೋಗಿ ಟಾಕಿ ಬಂದ ಕಾಲದಲ್ಲಿ ತೆರೆಯ ಹಿಂದೆ ಸದ್ದು ಹೊರಡಿಸುವ ಅಣ್ಣನ ಬಗ್ಗೆ ಇರುವ ಒಂದು ಹಳೆಯ ಹಾಡೇ 1966ರಲ್ಲಿ ಅವರ ಮೊದಲ ರೆಕಾರ್ಡ್ ಆಯಿತು.

ಇವರಿಗಿಂತ ಮೊದಲೇ ಇದೇ ದಾರಿಯಲ್ಲಿ ನಡೆದವರು ಟೆಂಪರೆನ್ಸ್ ಸೆವೆನ್ ಎಂಬ ತಂಡದವರು. ಅವರೂ ಕಲಾಶಾಲೆಯ ಹುಡುಗರೇ. ಹೆಸರಿನಲ್ಲಿ ಏಳು ಎಂದಿದ್ದರೂ ಇದ್ದದ್ದು ಒಂಬತ್ತು ಜನ, ಗಾಯಕ ಹಾಡುತ್ತಿದ್ದದ್ದು ಮೆಗಾಫೋನಿನಲ್ಲಿ. 1961ರಲ್ಲಿ ಅವರ ಹಾಡೊಂದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಮುಂದೆ ಬೀಟಲ್ಸ್ ರೆಕಾರ್ಡುಗಳ ನಿರ್ಮಾಪಕರಾದ ಜಾರ್ಜ್ ಮಾರ್ಟಿನ್ ಅವರಿಗೆ ಸಿಕ್ಕ ಮೊದಲ ಅಗ್ರಸ್ಥಾನವೂ ಅದೇ. ಮೇಷ್ಟ್ರಿಗೆ ಟೆಂಪರೆನ್ಸ್ ಸೆವೆನ್ ಮೇಲೆ ಗೌರವವಿತ್ತು, ಬಾನ್‌ಝೋಗಳ ಮೇಲೆ ಪ್ರೀತಿ ಇತ್ತು. ಮೊದಲನೆಯವರು ಹಳೆಯ ಜಾಝ್ ಸಂಗೀತವನ್ನು ಮುಖದ ಗೆರೆ ಸಡಿಲಿಸದೆ ಒಪ್ಪವಾಗಿ ನುಡಿಸಿದರು. ಎರಡನೆಯವರು ಅದನ್ನು ಪುಡಿಪುಡಿ ಮಾಡಿ, ಪುಡಿಯಿಂದಲೇ ಇನ್ನೊಂದನ್ನು ಕಟ್ಟಿದರು. 'ಗೊರಿಲ್ಲಾ'ದಲ್ಲಿ ಹವ್ಯಾಸಿ ಜಾಝ್ ತಂಡವನ್ನು ಅಣಕಿಸುವ ಒಂದು ಹಾಡಿದೆ. ಅದರಲ್ಲಿ ಪ್ರತಿ ವಾದ್ಯವೂ ಬೇಕೆಂದೇ ಹಾದಿ ತಪ್ಪುತ್ತದೆ. ಎಲ್ಲಿ ಎಷ್ಟು ತಪ್ಪಬೇಕು ಎಂಬುದು ಆ ಸಂಗೀತ ಚೆನ್ನಾಗಿ ಬಲ್ಲವರಿಗೆ ಮಾತ್ರ ಗೊತ್ತಿರುತ್ತದೆ ಎಂದು ಮೇಷ್ಟ್ರು ಆ ಹಾಡು ಹಾಕಿದಾಗಲೆಲ್ಲ ಹೇಳುತ್ತಿದ್ದರು. ಅಣಕಿಸಬೇಕಾದರೆ ಮೊದಲು ಕಂಠಪಾಠ ಮಾಡಬೇಕು, ಕಂಠಪಾಠ ಮಾಡಬೇಕಾದರೆ ಪ್ರೀತಿ ಬೇಕು ಎಂಬ ಈ ವಿಚಾರವನ್ನು ನಾನು ಆಮೇಲೆ ಯಾವ ವಿಶ್ವವಿದ್ಯಾಲಯದಲ್ಲೂ ಇಷ್ಟು ಸ್ಪಷ್ಟವಾಗಿ ಕೇಳಲಿಲ್ಲ.

ನಮ್ಮ ಕನ್ನಡ ಕಲಿಕೆಗೆ ಈ ಬ್ಯಾಂಡು ಒದಗಿದ್ದೂ ಅದೇ ಬಗೆಯಲ್ಲಿ. 'ಜಾಲಿಟಿ ಫಾರ್ಮ್' ಎಂಬ ಹಾಡಿನಲ್ಲಿ ಹಂದಿ, ಬೆಕ್ಕು, ನಾಯಿ ಎಲ್ಲವೂ ಸರದಿಯಂತೆ ದನಿ ತೆಗೆಯುತ್ತವೆ. ಮೇಷ್ಟ್ರು ಆ ಜಾಗಗಳಲ್ಲಿ ಶಬ್ದ ತಗ್ಗಿಸಿ, ನಮ್ಮಿಂದ ಕನ್ನಡದ ದನಿಗಳನ್ನು ಹೊರಡಿಸುತ್ತಿದ್ದರು. ಹಾಡಿನಲ್ಲಿ ಇಲ್ಲದ ಪ್ರಾಣಿಗಳನ್ನೂ ಒಳಗೆ ಬಿಡುತ್ತಿದ್ದರು. ದನ ಅಂಬಾ ಎನ್ನುತ್ತದೆ, ಕತ್ತೆ ಅರಚುತ್ತದೆ, ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ಹೋರಿ ಗುಟುರು ಹಾಕುತ್ತದೆ ಎಂಬ ಇಷ್ಟೂ ಕ್ರಿಯಾಪದಗಳು ಲಂಡನ್ನಿನಲ್ಲೇ ಹುಟ್ಟಿ ಬೆಳೆದ ನನಗೆ ಬಂದದ್ದು ಹೀಗೆ. ಪಕ್ಕದ ಕೋಣೆಯಲ್ಲಿ ಚಿಕ್ಕ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತಿದ್ದ ಮೇಡಂ, ಒತ್ತಕ್ಷರ ತಪ್ಪಿದರೆ ಕಣ್ಣಿನಲ್ಲೇ ಗದರುವವರು, ಈ ಗದ್ದಲಕ್ಕೆ ಒಮ್ಮೊಮ್ಮೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮೇಷ್ಟ್ರು ಬಹಳ ವಿನಯದಿಂದ 'ಬನ್ನಿ ಮೇಡಂ, ಕೋಳಿ ಇನ್ನೂ ಬಾಕಿ ಇದೆ' ಎನ್ನುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ಇಂದಿಗೂ ಜನ ಮೆಚ್ಚಿದರೆ ಅದರ ಯಶಸ್ಸು ಆ ಮೇಡಂಗೆ ಸಲ್ಲಬೇಕು.

ಇಂಡಿಯಾದಲ್ಲಿ ಹುಲಿ ಬೇಟೆಯಾಡುವ ಧೀರರನ್ನು ಕುರಿತ, 1969ರ 'ಟ್ಯಾಡ್‌ಪೋಲ್ಸ್' ಎಂಬ ರೆಕಾರ್ಡಿನಲ್ಲಿರುವ ಇನ್ನೊಂದು ಹಳೆಯ ಹಾಡು ಮೇಷ್ಟ್ರಿಗೆ ವಿಶೇಷ ಪ್ರಿಯವಾಗಿತ್ತು. ಸಾಮ್ರಾಜ್ಯದ ದೊಡ್ಡಸ್ತಿಕೆಯನ್ನು ಆ ಸಾಮ್ರಾಜ್ಯದ ಮೊಮ್ಮಕ್ಕಳೇ ಹೀಗೆ ಗಾಳಿ ತೆಗೆದು ಕೈಗೆ ಕೊಟ್ಟದ್ದನ್ನು, ಕಬಿನಿಯ ಕಾಡಂಚಿನಲ್ಲಿ ಹುಲಿಯ ಹೆಜ್ಜೆ ನೋಡಿ ಬೆಳೆದ ಮನುಷ್ಯ ಕುಳಿತು ಕೇಳುವುದರಲ್ಲಿ ಒಂದು ನ್ಯಾಯವಿತ್ತು ಎಂದು ನನಗನ್ನಿಸುತ್ತದೆ. ಬೀದಿಯಲ್ಲಿ ತಮ್ಮನ್ನು ಹೀಗಳೆದವರ ವಿಷಯ ಅವರು ಎಂದೂ ಎತ್ತುತ್ತಿರಲಿಲ್ಲ. ಈ ಹಾಡನ್ನು ಮಾತ್ರ ಎರಡೆರಡು ಸಲ ಹಾಕುತ್ತಿದ್ದರು.

ಇನ್ನು ನಮ್ಮ ಕಿತಾಪತಿಯ ಪ್ರಕರಣ. 'ಗೊರಿಲ್ಲಾ'ದಲ್ಲಿ 'ದಿ ಇಂಟ್ರೋ ಅಂಡ್ ದಿ ಔಟ್ರೋ' ಎಂಬ ತುಣುಕೊಂದಿದೆ. ಸ್ಟ್ಯಾನ್‌ಶಾಲ್ ಅಪ್ಪಟ ನಿರೂಪಕನ ಗತ್ತಿನಲ್ಲಿ ಮೊದಲು ತನ್ನ ತಂಡದವರನ್ನು ಪರಿಚಯಿಸುತ್ತಾನೆ, ಆಮೇಲೆ ಅದೇ ದನಿಯಲ್ಲಿ ಝೈಲಫೋನಿಗೆ ಹಾಲಿವುಡ್ ನಟ ಜಾನ್ ವೇಯ್ನ್, ಅಕಾರ್ಡಿಯನ್ನಿಗೆ ಫ್ರಾನ್ಸಿನ ಜನರಲ್ ದ ಗಾಲ್, ವೈಬ್ರಾಫೋನಿಗೆ ಬಹಳ ನಿರಾಳವಾಗಿರುವ ಹಿಟ್ಲರ್ ಎಂದು ಸಾಗುತ್ತಾನೆ. ಬಾನ್‌ಝೋ ಅಭಿಮಾನಿಗಳು ಪರಸ್ಪರ ಗುರುತು ಹಿಡಿಯುವುದೇ ಈ ಪಟ್ಟಿಯನ್ನು ಎಲ್ಲೂ ತಪ್ಪದೆ ಒಪ್ಪಿಸುವುದರಿಂದ. ನಮ್ಮ ಶಾಲೆಯ ರಾಜ್ಯೋತ್ಸವ ಸಮಾರಂಭದಲ್ಲಿ ಸ್ವಾಗತ ಭಾಷಣ ನನ್ನ ಪಾಲಿಗೆ ಬಂದಿತ್ತು. ನಾನು ಮತ್ತು ನನ್ನಿಬ್ಬರು ಗೆಳೆಯರು ಗುಟ್ಟಾಗಿ ಅಭ್ಯಾಸ ಮಾಡಿ, ಒಬ್ಬ ಹಾರ್ಮೋನಿಯಂ, ಒಬ್ಬ ಢೋಲಕ್ ಹಿಡಿದು ವೇದಿಕೆ ಏರಿದರು. ಮುಖ್ಯ ಅತಿಥಿಗಳನ್ನೂ ಅಧ್ಯಕ್ಷರನ್ನೂ ನಾನು ಕ್ರಮವಾಗಿಯೇ ಸ್ವಾಗತಿಸಿದೆ. ಆ ಮೇಲೆ ಹಾರ್ಮೋನಿಯಂ ಶುರುವಾಯಿತು, ನಾನು ಉಸಿರು ಬದಲಿಸದೆ ಮುಂದುವರಿಸಿದೆ: ಪೀಪಿಯಲ್ಲಿ ಇಮ್ಮಡಿ ಪುಲಕೇಶಿ; ತಮಟೆಯಲ್ಲಿ ತೆನಾಲಿ ರಾಮಕೃಷ್ಣ; ವಿರಾಟನಗರಿಯ ಅಡುಗೆಮನೆಯಿಂದ, ಸೌಟು ಮತ್ತು ಕೊಳಗದಲ್ಲಿ, ವಲಲ; ವೈಶಂಪಾಯನ ಸರೋವರದಿಂದ ನೇರವಾಗಿ ಬಂದು ಜಲತರಂಗದ ಮುಂದೆ ನಿರಾಳವಾಗಿ ಕುಳಿತಿರುವ ದುರ್ಯೋಧನ; ಗೊರಕೆಯಲ್ಲಿ ಕುಂಭಕರ್ಣ; ಹಿನ್ನೆಲೆ ಗಾಯನದಲ್ಲಿ ಜೋಗದಿಂದ ಆಗಮಿಸಿರುವ ರಾಜ, ರಾಣಿ, ರೋರರ್, ರಾಕೆಟ್.

ಜೋಗದ ನಾಲ್ವರು ಬರುವ ಹೊತ್ತಿಗೆ ಹಿಂದಿನ ಸಾಲುಗಳಲ್ಲಿ ತಾಯಂದಿರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಮುಂದಿನ ಸಾಲಿನಲ್ಲಿ ಹಿರಿಯರ ಮುಖ ಬಿಗಿದಿತ್ತು. ನಾಡಹಬ್ಬವನ್ನು ಹಾಸ್ಯ ಮಾಡಿದರೆಂದು ಆಮೇಲೆ ಒಬ್ಬಿಬ್ಬರು ಜೋರಾಗಿಯೇ ಆಕ್ಷೇಪಿಸಿದರು. ಮೇಷ್ಟ್ರು ಅವರಿಗೆಲ್ಲ, ರನ್ನನ ದುರ್ಯೋಧನ ಯಾವ ಕೊಳದಲ್ಲಿ ಅಡಗಿದ್ದನೆಂದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು ಎಂದು ಕೇಳಿ, ಮಾತು ಮುಗಿಸಿದರು. ನನ್ನನ್ನು ಪಕ್ಕಕ್ಕೆ ಕರೆದು ಅವರು ಹೇಳಿದ್ದು ಬೇರೆ. 'ಚಾಲುಕ್ಯ ಚಕ್ರವರ್ತಿಗೆ ಪೀಪಿ ಕೊಡ್ತಾರೇನೋ? ಕಹಳೆ ಕೊಡಬೇಕಿತ್ತು. ಉಳಿದದ್ದೆಲ್ಲ ಸರಿಯಾಗಿದೆ. ನೀನು ಕೊನೆವರೆಗೂ ನಗದೇ ಇದ್ದೆಯಲ್ಲ, ಅದು ನಿಜವಾದ ಸಾಧನೆ.' ಇಂದು ಲಂಡನ್ನಿನ ಕನ್ನಡ ಕಾರ್ಯಕ್ರಮಗಳಲ್ಲಿ ನಿರೂಪಣೆಗೆ ನನ್ನನ್ನೇ ಕರೆಯುತ್ತಾರೆ, ಸಭೆಯನ್ನು ಹಿಡಿದು ನಿಲ್ಲಿಸುವ ಕಲೆ ನನಗೆ ಒಲಿದಿದೆ ಎಂದೂ ಹೇಳುತ್ತಾರೆ. ಅದರ ಬೀಜ ಬಿದ್ದದ್ದು ಆ ಸಂಜೆಯೇ.

ಬ್ಯಾಂಡಿನ ಉಳಿದ ಚರಿತ್ರೆಯನ್ನು ಮೇಷ್ಟ್ರು ಕಂತುಕಂತಾಗಿ ಹೇಳಿದ್ದರು. 1966ರಲ್ಲಿ 'ವಿಂಚೆಸ್ಟರ್ ಕೆಥೀಡ್ರಲ್' ಎಂಬ ಹಾಡು ಅಮೆರಿಕದವರೆಗೆ ಜಯಭೇರಿ ಹೊಡೆದಾಗ, ಅದನ್ನು ವೇದಿಕೆಯಲ್ಲಿ ನುಡಿಸಲು ಕಟ್ಟಿದ ನ್ಯೂ ವಾಡ್‌ವಿಲ್ ಬ್ಯಾಂಡಿಗೆ ಬಾನ್‌ಝೋಗಳ ಬಾಬ್ ಕೆರ್ ಹೊರಟುಹೋದ. ವೇಷ, ಧಾಟಿ ಎಲ್ಲವೂ ತಮ್ಮದರಂತೆಯೇ ಕಂಡಾಗ, ಉಳಿದವರು ಹಳೆಯ ಜಾಝ್‌ಗೆ ಮಾತ್ರ ಅಂಟಿಕೊಳ್ಳದೆ ರಾಕ್, ಬ್ಲೂಸ್, ಜಾಹೀರಾತು, ಟಿವಿ ಎಲ್ಲವನ್ನೂ ತಮ್ಮ ಗರಡಿಗೆ ಎಳೆದುಕೊಂಡರು. ರಾಜರ್ ರಸ್ಕಿನ್ ಸ್ಪಿಯರ್ ಯಂತ್ರಮಾನವರನ್ನು ಕಟ್ಟಿ ವೇದಿಕೆಗೆ ತಂದ, ಪ್ಯಾಂಟು ಇಸ್ತ್ರಿ ಮಾಡುವ ಯಂತ್ರವನ್ನೇ ವಾದ್ಯವಾಗಿಸಿದ, ಅಂಗಡಿಯ ಬೊಂಬೆಯ ಕಾಲೊಂದಕ್ಕೆ ಥೆರೆಮಿನ್ ಎಂಬ ವಿದ್ಯುನ್ಮಾನ ವಾದ್ಯ ಅಳವಡಿಸಿ ನುಡಿಸಿದ. 1967ರ ಕೊನೆಗೆ ಬೀಟಲ್ಸ್ ತಮ್ಮ 'ಮ್ಯಾಜಿಕಲ್ ಮಿಸ್ಟರಿ ಟೂರ್' ಚಿತ್ರದಲ್ಲಿ ಇವರನ್ನು ಹಾಡಿಸಿದರು. ಅದೇ ಕ್ರಿಸ್ಮಸ್ ಹೊತ್ತಿಗೆ ಶುರುವಾದ 'ಡು ನಾಟ್ ಅಡ್ಜಸ್ಟ್ ಯುವರ್ ಸೆಟ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ, ಮುಂದೆ ಮಾಂಟಿ ಪೈಥಾನ್ ಎಂಬ ಹಾಸ್ಯ ತಂಡದವರಾಗಲಿದ್ದ ಎರಿಕ್ ಐಡಲ್, ಟೆರಿ ಜೋನ್ಸ್, ಮೈಕೆಲ್ ಪೇಲಿನ್ ಜೊತೆ ಇವರೂ ಇದ್ದರು. ಮೇಷ್ಟ್ರು ಕಚೇರಿಯಿಂದ ಓಡೋಡಿ ಬಂದು, ಮನೆಯೊಡತಿಯ ಟಿವಿಯ ಮುಂದೆ ಅವಳ ಮಕ್ಕಳ ಪಕ್ಕದಲ್ಲಿ ನೆಲದ ಮೇಲೆ ಕೂರುತ್ತಿದ್ದರಂತೆ. 1968ರಲ್ಲಿ ಇನ್ನೆಸ್ ಬರೆದ 'ಅರ್ಬನ್ ಸ್ಪೇಸ್‌ಮನ್' ಅದೇ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೇರಿತು. ಅದರ ನಿರ್ಮಾಪಕನಾಗಿ ಅಪೊಲೊ ಸಿ. ವರ್ಮೂತ್ ಎಂಬ ಸುಳ್ಳು ಹೆಸರಿನ ಹಿಂದೆ ಇದ್ದವರಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಒಬ್ಬರು. ಸ್ಟ್ಯಾನ್‌ಶಾಲ್ ಅದರಲ್ಲಿ ತೋಟಕ್ಕೆ ನೀರು ಬಿಡುವ ಕೊಳವೆಗೆ ಆಲಿಕೆ ಸಿಕ್ಕಿಸಿ, ತಲೆಯ ಮೇಲೆ ಗಿರಗಿರನೆ ತಿರುಗಿಸುತ್ತಾ ಊದಿದ್ದಾನೆ. 1970ರಲ್ಲಿ ತಂಡ ಮುರಿಯಿತು.

1995ರ ಮಾರ್ಚಿನಲ್ಲಿ ಸ್ಟ್ಯಾನ್‌ಶಾಲ್ ಮಸ್ವೆಲ್ ಹಿಲ್ಲಿನ ತಮ್ಮ ಮನೆಯಲ್ಲಿ ಬೆಂಕಿ ಅನಾಹುತದಲ್ಲಿ ತೀರಿಕೊಂಡರು. ಆ ಭಾನುವಾರ ಮೇಷ್ಟ್ರು ತರಗತಿಗೆ ಬಂದು, ಯಾವ ವಿವರಣೆಯನ್ನೂ ಕೊಡದೆ ಮಕ್ಕಳಿಗೆ ಆ ಪಟ್ಟಿಯ ಹಾಡನ್ನು ಕೇಳಿಸಿದರೆಂದು ನನ್ನ ತಂಗಿ ಹೇಳಿದ್ದಳು. ನಾನು ಆಗ ಶಾಲೆ ಬಿಟ್ಟಾಗಿತ್ತು. 2006ರ ಜನವರಿಯಲ್ಲಿ ಚೇರಿಂಗ್ ಕ್ರಾಸ್ ರಸ್ತೆಯ ಆಸ್ಟೋರಿಯಾ ಎಂಬ ಸಂಗೀತ ಸಭಾಂಗಣದಲ್ಲಿ ಉಳಿದ ಸದಸ್ಯರು ಮತ್ತೆ ಕೂಡಿ ನುಡಿಸಿದಾಗ ಮೇಷ್ಟ್ರನ್ನು ನಾನೇ ಕರೆದುಕೊಂಡು ಹೋದೆ. ಸ್ಟ್ಯಾನ್‌ಶಾಲ್ ಅವರ ಜಾಗವನ್ನು ಸ್ಟೀಫನ್ ಫ್ರೈ, ಏಡ್ ಎಡ್ಮಂಡ್‌ಸನ್, ಫಿಲ್ ಜುಪಿಟಸ್, ಪಾಲ್ ಮೆರ್ಟನ್ ಎಂಬ ಹಾಸ್ಯ ಕಲಾವಿದರು ಹಂಚಿಕೊಂಡಿದ್ದರು. ಒಬ್ಬ ಮನುಷ್ಯನ ಜಾಗ ತುಂಬಲು ಇಷ್ಟು ಜನ ಬೇಕಾಯಿತು ಎನ್ನುವುದನ್ನು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಸುತ್ತ ನಿಂತಿದ್ದವರು ನರೆತ ತಲೆಯವರು, ಅವರ ಮಕ್ಕಳು, ಕೆಲವರು ಮೊಮ್ಮಕ್ಕಳು. ಎಲ್ಲರ ಬಾಯಲ್ಲೂ ಪ್ರತಿ ಸಾಲು. ಮಂಕಿ ಟೋಪಿ, ಮಫ್ಲರ್‌ಗಳಲ್ಲಿ ನಿಂತ ನಮ್ಮ ಮೇಷ್ಟ್ರ ದನಿ ಅವರ ನಡುವೆ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು, ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಹಾಡು ಮುಗಿದ ಮೇಲೆ ಅವರ ಕೈಕುಲುಕಿದರು. ಆ ಆಸ್ಟೋರಿಯಾ 2009ರಲ್ಲಿ ಮುಚ್ಚಿ, ಹೊಸ ರೈಲು ಮಾರ್ಗಕ್ಕಾಗಿ ನೆಲಸಮವಾಯಿತು. 2019ರ ಡಿಸೆಂಬರಿನಲ್ಲಿ ನೀಲ್ ಇನ್ನೆಸ್ ಕೂಡ ಹೋದರು.

ನಮ್ಮ ಶಾಲೆ ಈಗ ಬಹಳ ಬೆಳೆದಿದೆ, ಅದನ್ನು ಕಂಡರೆ ಸಂತೋಷವಾಗುತ್ತದೆ. ಹಂತಗಳಿವೆ, ಪರೀಕ್ಷೆಗಳಿವೆ, ಪ್ರಮಾಣಪತ್ರಗಳಿವೆ, ಪರದೆಯ ಮೇಲೆ ಚಿತ್ರಗಳು ಸರಿಯುತ್ತವೆ. ಆದರೆ ನಾನು ಇತ್ತೀಚೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತಾಗ ಮಕ್ಕಳು ಕನ್ನಡದಲ್ಲಿ ಒಂದು ತಮಾಷೆಯನ್ನೂ ಮಾಡಲಿಲ್ಲ. ಅಪ್ಪ ಅಮ್ಮಂದಿರು ಬಾಗಿಲಲ್ಲಿ ಕೇಳಿದ್ದು ಅಂಕ ಎಷ್ಟು ಬಂತು ಎಂದು ಮಾತ್ರ. ಶಿಕ್ಷಕರನ್ನು ನಾನು ದೂರುವುದಿಲ್ಲ, ಅವರಿಗೆ ಮುಗಿಸಬೇಕಾದ ಪಾಠಗಳ ಪಟ್ಟಿಯೇ ಉದ್ದವಾಗಿದೆ. ಮೇಷ್ಟ್ರ ಮನೆಯವರು ಅವರ ರೆಕಾರ್ಡುಗಳನ್ನು ಶಾಲೆಗೆ ಕೊಡಲು ಒಪ್ಪಿದ್ದಾರೆ, ಪ್ಲೇಯರನ್ನು ನಾನು ತಂದು ಕೊಡುತ್ತೇನೆ. ತಿಂಗಳಿಗೊಂದು ಭಾನುವಾರ ಕೊನೆಯ ಅರ್ಧ ಗಂಟೆಯನ್ನು ನನಗೆ ಬಿಟ್ಟುಕೊಡಬೇಕೆಂದು ಆಡಳಿತ ಮಂಡಳಿಯನ್ನು ಈ ಲೇಖನದ ಮೂಲಕವೇ ಕೇಳಿಕೊಳ್ಳುತ್ತೇನೆ. 'ಜಾಲಿಟಿ ಫಾರ್ಮ್'ನಿಂದ ಶುರು ಮಾಡಬಹುದು, ಮಕ್ಕಳಿಗೆ ಕ್ರಿಯಾಪದಗಳ ಪಟ್ಟಿಯನ್ನು ಮೊದಲೇ ಕೊಡುವ ಅಗತ್ಯವಿಲ್ಲ.